ರಿಂಗ್ ಒಳಗೆ ನಾಟಕ, ಹೊರಗೆ ಅಸಲಿ ಕುಸ್ತಿ: ಡಬ್ಲ್ಯೂಡಬ್ಲ್ಯೂಇ-ಎಇಡಬ್ಲ್ಯೂ ಪೈಪೋಟಿಯಲ್ಲಿ ಗೆಲ್ಲೋದು ಯಾರು?

2025ರ ಸೆಪ್ಟೆಂಬರ್ 20ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಬ್ಲ್ಯೂಡಬ್ಲ್ಯೂಇ 'ರೆಸಲ್‌ಪಲೂಜಾ' ಎಂಬ ದೊಡ್ಡ ಕಾರ್ಯಕ್ರಮ ನಡೆಸಿತು. ಅದೇ ದಿನ ಕೆನಡಾದ ಟೊರೊಂಟೊದಲ್ಲಿ ಎದುರಾಳಿ ಕಂಪನಿ ಎಇಡಬ್ಲ್ಯೂನ 'ಆಲ್ ಔಟ್' ಇತ್ತು. ಆಲ್ ಔಟ್ ದಿನಾಂಕ ಮೊದಲೇ ಪ್ರಕಟವಾಗಿತ್ತು. ನೇರ ಡಿಕ್ಕಿ ತಪ್ಪಿಸಲು ಎಇಡಬ್ಲ್ಯೂ ತನ್ನ ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೇ ಶುರು ಮಾಡಬೇಕಾಯಿತು. ಜುಲೈ 12ರಂದೂ ಹೀಗೇ ಆಗಿತ್ತು. ಟೆಕ್ಸಾಸ್‌ನಲ್ಲಿ ಎಇಡಬ್ಲ್ಯೂ ತನ್ನ ವರ್ಷದ ಅತಿದೊಡ್ಡ ಕಾರ್ಯಕ್ರಮ 'ಆಲ್ ಇನ್' ನಡೆಸುತ್ತಿದ್ದರೆ, ಅಟ್ಲಾಂಟಾದಲ್ಲಿ ಡಬ್ಲ್ಯೂಡಬ್ಲ್ಯೂಇ ತನ್ನದೇ ಅಖಾಡ ಹೂಡಿತ್ತು.

ಎರಡೂ ಕಡೆಯ ಅಭಿಮಾನಿಗಳು ಗೆದ್ದಿದ್ದು ನಾವೇ ಎಂದು ಇಂದಿಗೂ ವಾದಿಸುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ಈ ಜಗಳದಲ್ಲಿ ಬೆನ್ನು ನೆಲಕ್ಕೆ ಹಚ್ಚಿ ದುಡಿಯುವ ಕುಸ್ತಿಪಟುವಿಗೆ ಸಿಗುವುದೇನು? ತೆರೆಮರೆಯ ಕಥೆಗಳಲ್ಲಿ ಈ ಪ್ರಶ್ನೆ ಅಪರೂಪಕ್ಕೆ ಕೇಳಿಬರುತ್ತದೆ.

ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಸೋಲು-ಗೆಲುವು ಮೊದಲೇ ತೀರ್ಮಾನವಾಗಿರುತ್ತದೆ. ಮೈಸೂರು ದಸರಾದ ನಾಡಕುಸ್ತಿಯಲ್ಲಿ ಜೋಡಿ ಕಟ್ಟಿದ ಮೇಲೆ ಫಲಿತಾಂಶ ಮಟ್ಟಿಯ ಮೇಲೇ ನಿರ್ಧಾರವಾಗುತ್ತದೆ. ಇಲ್ಲಿ ಜೋಡಿ ಕಟ್ಟುವವರೇ ಫಲಿತಾಂಶವನ್ನೂ ಬರೆಯುತ್ತಾರೆ. ಇದೇನೂ ಗುಟ್ಟಲ್ಲ. ಕ್ರೀಡಾ ಆಯೋಗದ ನಿಯಂತ್ರಣದಿಂದ ಹೊರಬರಲು ಕಂಪನಿಯೇ 1989ರಲ್ಲಿ ನ್ಯೂಜೆರ್ಸಿ ಸರ್ಕಾರದ ಮುಂದೆ 'ನಮ್ಮದು ಮನರಂಜನೆ' ಎಂದು ಒಪ್ಪಿಕೊಂಡಿತ್ತು. ಆದರೆ ಕಂಪನಿ ಕಂಪನಿಗಳ ನಡುವಿನ ಪೈಪೋಟಿಗೆ ಸ್ಕ್ರಿಪ್ಟ್ ಇಲ್ಲ. ಅಲ್ಲಿ ಬೀಳುವ ಪೆಟ್ಟು ಅಸಲಿ.

ಸೋಮವಾರ ರಾತ್ರಿಯ ಸಮರ

ಇಂದಿನ ಪೈಪೋಟಿ ಅರ್ಥವಾಗಬೇಕಾದರೆ ಮೂರು ದಶಕ ಹಿಂದಕ್ಕೆ ಹೋಗಬೇಕು. ಭಾರತದಲ್ಲಿ ಮಕ್ಕಳು ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಹಿಡಿದು ಅಂಡರ್‌ಟೇಕರ್‌ನ ಎತ್ತರ, ಯೊಕೊಜುನಾನ ತೂಕ ಬಾಯಿಪಾಠ ಮಾಡುತ್ತಿದ್ದ ಕಾಲವದು. ಅಮೆರಿಕದಲ್ಲಿ ಅದೇ ಹೊತ್ತಿಗೆ ವಿನ್ಸ್ ಮೆಕ್‌ಮಹೋನ್ ಅವರ ಡಬ್ಲ್ಯೂಡಬ್ಲ್ಯೂಎಫ್‌ಗೆ ಮಾಧ್ಯಮ ದೊರೆ ಟೆಡ್ ಟರ್ನರ್ ಅವರ ಡಬ್ಲ್ಯೂಸಿಡಬ್ಲ್ಯೂ ಸೆಡ್ಡು ಹೊಡೆದಿತ್ತು.

1995ರ ಸೆಪ್ಟೆಂಬರ್ 4ರಂದು ಟಿಎನ್‌ಟಿ ಚಾನೆಲ್‌ನಲ್ಲಿ ಡಬ್ಲ್ಯೂಸಿಡಬ್ಲ್ಯೂನ 'ನೈಟ್ರೊ' ಶುರುವಾಯಿತು. ಹಿಂದಿನ ದಿನವಷ್ಟೇ ಡಬ್ಲ್ಯೂಡಬ್ಲ್ಯೂಎಫ್ ಪರ ಆಡಿದ್ದ ಲೆಕ್ಸ್ ಲೂಗರ್ ಆ ಮೊದಲ ಸಂಚಿಕೆಯಲ್ಲೇ ದಿಢೀರ್ ಪ್ರತ್ಯಕ್ಷರಾದರು. ಅವರ ಒಪ್ಪಂದ ಮುಗಿದಿತ್ತು. ಹೊಸದಕ್ಕೆ ಸಹಿ ಬಿದ್ದಿರಲಿಲ್ಲ. ಆ ಸಣ್ಣ ಸಂದಿಯಲ್ಲೇ ಎದುರಾಳಿ ನುಗ್ಗಿದ್ದ.

1996ರಲ್ಲಿ ಸ್ಕಾಟ್ ಹಾಲ್, ಕೆವಿನ್ ನ್ಯಾಶ್ ಕೂಡ ಅದೇ ದಾರಿ ಹಿಡಿದರು. ಅವರನ್ನು ಸೆಳೆದಿದ್ದು ಖಾತರಿ ಸಂಭಾವನೆ. ಅಲ್ಲಿಯವರೆಗೆ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಟಿಕೆಟ್ ಮಾರಾಟ ಆದಷ್ಟೇ ಆದಾಯ. ಪ್ರೇಕ್ಷಕರು ಬಾರದಿದ್ದರೆ ಕುಸ್ತಿಪಟುವಿನ ಜೇಬೂ ಖಾಲಿ. ಹೋಗನ್, ಹಾಲ್, ನ್ಯಾಶ್ ಸೇರಿ ಕಟ್ಟಿದ 'ಎನ್‌ಡಬ್ಲ್ಯೂಒ' ಬಣದ ಬಲದಿಂದ ನೈಟ್ರೊ ಸತತ 80ಕ್ಕೂ ಹೆಚ್ಚು ವಾರ ರೇಟಿಂಗ್‌ನಲ್ಲಿ 'ರಾ' ಕಾರ್ಯಕ್ರಮವನ್ನು ಹಿಂದಿಕ್ಕಿತು. ಕೊನೆಗೆ ಮೆಕ್‌ಮಹೋನ್ ಕೂಡ ಕನಿಷ್ಠ ಸಂಭಾವನೆಯ ಖಾತರಿ ಕೊಡಬೇಕಾಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ಇಲ್ಲಿ ಆ ಮೂರನೆಯವನು ಕುಸ್ತಿಪಟು.

ಮಾಂಟ್ರಿಯಲ್‌ನಲ್ಲಿ ಬಾರಿಸಿದ ಗಂಟೆ

ಆದರೆ ಒಪ್ಪಂದ ಕೈಯಲ್ಲಿದ್ದರೂ ಕುಸ್ತಿಪಟು ಎಷ್ಟು ಅಸಹಾಯಕ ಎಂಬುದನ್ನು ತೋರಿಸಿದ್ದು 1997ರ ನವೆಂಬರ್ 9ರ ರಾತ್ರಿ. ಬ್ರೆಟ್ ಹಾರ್ಟ್ ಆಗ ಡಬ್ಲ್ಯೂಡಬ್ಲ್ಯೂಎಫ್ ಚಾಂಪಿಯನ್. ಒಂದು ವರ್ಷದ ಹಿಂದಷ್ಟೇ ಅವರೊಂದಿಗೆ 20 ವರ್ಷಗಳ ಒಪ್ಪಂದ ಮಾಡಿಕೊಂಡಿದ್ದ ಮೆಕ್‌ಮಹೋನ್, ಅಷ್ಟು ಹಣ ಕೊಡಲಾಗದು, ಬೇಕಾದರೆ ಡಬ್ಲ್ಯೂಸಿಡಬ್ಲ್ಯೂ ಜೊತೆ ಮಾತನಾಡಿ ಎಂದು ಅವರೇ ಸೂಚಿಸಿದ್ದರು. ಬ್ರೆಟ್ ಅಲ್ಲಿಗೆ ಸಹಿ ಹಾಕಿದರು.

ಕೊನೆಯ 30 ದಿನ ತಮ್ಮ ಪಾತ್ರದ ಬಗ್ಗೆ ಮಾತನಾಡುವ ಹಕ್ಕು ಬ್ರೆಟ್ ಅವರಿಗೆ ಒಪ್ಪಂದದಲ್ಲೇ ಇತ್ತು. ತವರು ದೇಶ ಕೆನಡಾದಲ್ಲಿ ಶಾನ್ ಮೈಕಲ್ಸ್‌ಗೆ ಸೋಲಲು ಅವರು ಒಪ್ಪಿರಲಿಲ್ಲ. ಪಂದ್ಯ ಗೊಂದಲದಲ್ಲಿ ಮುಗಿಯಲಿ ಎಂಬ ಮಾತಾಗಿತ್ತು. ಆದರೆ ಮೈಕಲ್ಸ್ ಪಟ್ಟು ಹಾಕುತ್ತಿದ್ದಂತೆ, ಬ್ರೆಟ್ ಸೋಲೊಪ್ಪದಿದ್ದರೂ, ರಿಂಗ್ ಪಕ್ಕದಲ್ಲೇ ನಿಂತಿದ್ದ ಮೆಕ್‌ಮಹೋನ್ ಗಂಟೆ ಬಾರಿಸಲು ಆದೇಶಿಸಿದರು. ಬೆಲ್ಟ್ ಕೈತಪ್ಪಿತು. 'ಮಾಂಟ್ರಿಯಲ್ ಸ್ಕ್ರೂಜಾಬ್' ಎಂದೇ ಕುಖ್ಯಾತವಾದ ಘಟನೆ ಇದು.

ವಿಶೇಷವೆಂದರೆ, ಈ ನಿಜವಾದ ಮೋಸವನ್ನೇ ಕಂಪನಿ ಸರಕಾಗಿಸಿತು. ಪ್ರೇಕ್ಷಕರ ಸಿಟ್ಟನ್ನು ಬಂಡವಾಳ ಮಾಡಿಕೊಂಡು 'ಮಿಸ್ಟರ್ ಮೆಕ್‌ಮಹೋನ್' ಎಂಬ ದುಷ್ಟ ಮಾಲೀಕನ ಪಾತ್ರ ಹುಟ್ಟಿತು. ಆ ಮಾಲೀಕನಿಗೆ ಎದುರು ನಿಂತ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಕಥೆಯೇ ಡಬ್ಲ್ಯೂಡಬ್ಲ್ಯೂಎಫ್‌ಗೆ ಮತ್ತೆ ಮೇಲುಗೈ ತಂದುಕೊಟ್ಟಿತು.

ಜಗಳ ಮುಗಿದ ಮೇಲೆ ಆಗಿದ್ದೇನು?

ಡಬ್ಲ್ಯೂಸಿಡಬ್ಲ್ಯೂ ರಿಂಗ್‌ನಲ್ಲಿ ಸೋತಿದ್ದಕ್ಕಿಂತ ಬೋರ್ಡ್‌ರೂಂನಲ್ಲಿ ಸೋತಿದ್ದೇ ಹೆಚ್ಚು. ಮಾತೃಸಂಸ್ಥೆ ಎಒಎಲ್ ಟೈಮ್ ವಾರ್ನರ್ ಗುಂಪಿನ ಚಾನೆಲ್‌ಗಳು ರೆಸ್ಲಿಂಗ್ ನಮಗೆ ಬೇಡ ಎಂದವು. ಪ್ರಸಾರವೇ ಇಲ್ಲದ ಕಂಪನಿಗೆ ಬೆಲೆ ಎಲ್ಲಿಯದು? 2001ರ ಮಾರ್ಚ್‌ನಲ್ಲಿ ಮೆಕ್‌ಮಹೋನ್ ಅದರ ಹೆಸರು, ಹಳೆಯ ಟೇಪುಗಳನ್ನು 50 ಲಕ್ಷ ಡಾಲರ್‌ಗಿಂತ ಕಡಿಮೆ ಮೊತ್ತಕ್ಕೆ ಕೊಂಡುಕೊಂಡರು. ಅದೇ ವರ್ಷ ಮೂರನೇ ಕಂಪನಿ ಇಸಿಡಬ್ಲ್ಯೂ ದಿವಾಳಿಯಾಯಿತು. ಅದರ ಆಸ್ತಿಯೂ 2003ರಲ್ಲಿ ಡಬ್ಲ್ಯೂಡಬ್ಲ್ಯೂಇ ಪಾಲಾಯಿತು. ಅಂದಹಾಗೆ, 2025ರ ಸೆಪ್ಟೆಂಬರ್‌ನಲ್ಲಿ ಎಇಡಬ್ಲ್ಯೂ ವಿರುದ್ಧ ಬಳಸಿದ 'ರೆಸಲ್‌ಪಲೂಜಾ' ಎಂಬ ಹೆಸರು ಇದೇ ಇಸಿಡಬ್ಲ್ಯೂನದ್ದು!

ಮಾಲೀಕರ ಲೆಕ್ಕದಲ್ಲಿ ಇದು ಗೆಲುವು. ಕುಸ್ತಿಪಟುಗಳ ಲೆಕ್ಕದಲ್ಲಿ? 'ಕೊಡದಿದ್ದರೆ ಆ ಕಡೆ ಹೋಗುತ್ತೇನೆ' ಎಂಬ ಒಂದೇ ಒಂದು ಆಯುಧವೂ ಕೈಬಿಟ್ಟಿತು. 2002ರಲ್ಲಿ ಟಿಎನ್‌ಎ ಹುಟ್ಟಿದರೂ ಸರಿಸಮಾನ ಎದುರಾಳಿ ಆಗಲಿಲ್ಲ. ಸುಮಾರು 18 ವರ್ಷ ಅಮೆರಿಕದ ರೆಸ್ಲಿಂಗ್‌ನಲ್ಲಿ ಒಂದೇ ದೊಡ್ಡ ಅಂಗಡಿ.

ಯೂನಿಯನ್ ಇಲ್ಲದ ಉದ್ಯಮ

ಬೇರೆ ಉದ್ಯಮದಲ್ಲಾದರೆ ಇಂಥ ಹೊತ್ತಿನಲ್ಲಿ ಕಾರ್ಮಿಕ ಸಂಘ ನೆರವಿಗೆ ಬರುತ್ತಿತ್ತು. ಇಲ್ಲಿ ಅದಿಲ್ಲ. 1986ರಲ್ಲಿ ಜೆಸ್ಸಿ ವೆಂಚುರಾ ಸಹೋದ್ಯೋಗಿಗಳನ್ನು ಒಗ್ಗೂಡಿಸಲು ಯತ್ನಿಸಿದ್ದರು. ವಿಷಯ ಮಾಲೀಕರ ಕಿವಿಗೆ ಬಿತ್ತು, ಯತ್ನ ಅಲ್ಲಿಗೇ ನಿಂತಿತು. ಹೇಳಿದ್ದು ಯಾರು? ವರ್ಷಗಳ ಬಳಿಕ ರಾಯಧನಕ್ಕಾಗಿ ವೆಂಚುರಾ ಹೂಡಿದ ಮೊಕದ್ದಮೆಯಲ್ಲಿ ಮೆಕ್‌ಮಹೋನ್ ಅವರೇ ಉತ್ತರ ಕೊಟ್ಟರು: ಹಲ್ಕ್ ಹೋಗನ್. ಆ ಮೊಕದ್ದಮೆಯನ್ನು ವೆಂಚುರಾ ಗೆದ್ದರು, ಮುಂದೆ ಮಿನ್ನೆಸೋಟಾ ರಾಜ್ಯದ ಗವರ್ನರ್ ಕೂಡ ಆದರು. ಸಂಘ ಮಾತ್ರ ಇಂದಿಗೂ ಹುಟ್ಟಲಿಲ್ಲ.

ಕಾಗದದ ಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಪಟುಗಳು ನೌಕರರೇ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ಆದರೆ ಈ 'ಸ್ವತಂತ್ರ'ರು ಬೇರೆ ಕಂಪನಿಯಲ್ಲಿ ಆಡುವಂತಿಲ್ಲ. ರಿಂಗ್‌ನಲ್ಲಾದ ಗಾಯದ ಚಿಕಿತ್ಸೆಯನ್ನು ಕಂಪನಿ ನೋಡಿಕೊಂಡರೂ, ನೌಕರರಿಗೆ ಸಿಗುವ ಆರೋಗ್ಯ ವಿಮೆ, ಪಿಂಚಣಿ ಇವರಿಗಿಲ್ಲ. ಹೆಸರೂ ಹಲವರ ಸ್ವಂತದ್ದಲ್ಲ. ಡೀನ್ ಆಂಬ್ರೋಸ್ 2019ರಲ್ಲಿ ಕಂಪನಿ ಬಿಟ್ಟಾಗ ಹಳೆಯ ಹೆಸರು ಜಾನ್ ಮಾಕ್ಸ್‌ಲಿಗೆ ಮರಳಬೇಕಾಯಿತು. ಗುತ್ತಿಗೆದಾರ ಎಂಬ ಈ ಹಣೆಪಟ್ಟಿಯನ್ನು ಪ್ರಶ್ನಿಸಿ 2008ರಲ್ಲಿ ಮೂವರು ಮಾಜಿ ಕುಸ್ತಿಪಟುಗಳು ಕೋರ್ಟ್ ಮೆಟ್ಟಿಲೇರಿದ್ದರು. ಮೊಕದ್ದಮೆ ವಜಾ ಆಯಿತು. ಎಇಡಬ್ಲ್ಯೂನಲ್ಲೂ ಬಹುಪಾಲು ಕುಸ್ತಿಪಟುಗಳ ಸ್ಥಿತಿ ಇದೇ.

ಎಇಡಬ್ಲ್ಯೂ ಬಂದ ಮೇಲೆ

2019ರ ಜನವರಿಯಲ್ಲಿ ಟೋನಿ ಖಾನ್ ಎಇಡಬ್ಲ್ಯೂ ಘೋಷಿಸಿದಾಗ 18 ವರ್ಷಗಳ ಏಕಸ್ವಾಮ್ಯಕ್ಕೆ ಮೊದಲ ಬಾರಿ ಗಟ್ಟಿ ಸವಾಲು ಎದುರಾಯಿತು. ಬಾಗಿಲು ಎರಡೂ ಕಡೆ ತೆರೆಯಿತು. ಮಾಕ್ಸ್‌ಲಿ ಅತ್ತ ಹೋದರು. ಎಇಡಬ್ಲ್ಯೂ ಕಟ್ಟಿದವರಲ್ಲಿ ಒಬ್ಬರಾದ ಕೋಡಿ ರೋಡ್ಸ್ 2022ರಲ್ಲಿ ಇತ್ತ ಮರಳಿ, 2024ರ ರೆಸಲ್‌ಮೇನಿಯಾದಲ್ಲಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆದರು.

ಸಿಎಂ ಪಂಕ್ ಕಥೆ ಇನ್ನೂ ರೋಚಕ. 2014ರಲ್ಲಿ ಡಬ್ಲ್ಯೂಡಬ್ಲ್ಯೂಇ ತೊರೆದ ಪಂಕ್, ತಮ್ಮ ಗಾಯಗಳಿಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ ಎಂದು ಪಾಡ್‌ಕಾಸ್ಟ್‌ನಲ್ಲಿ ಆರೋಪಿಸಿದ್ದರು. ಕಂಪನಿಯ ವೈದ್ಯರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 2018ರಲ್ಲಿ ಪಂಕ್ ಪರ ತೀರ್ಪು ಬಂತು. 2021ರಲ್ಲಿ ಎಇಡಬ್ಲ್ಯೂ ಸೇರಿದರು. 2022ರ ಆಲ್ ಔಟ್ ಬಳಿಕ ಸಹೋದ್ಯೋಗಿಗಳೊಂದಿಗೆ ತೆರೆಮರೆಯಲ್ಲಿ ಹೊಡೆದಾಟ. 2023ರ ಆಗಸ್ಟ್‌ನಲ್ಲಿ ಲಂಡನ್‌ನ ವೆಂಬ್ಲಿ ಕ್ರೀಡಾಂಗಣದಲ್ಲಿ ಜಾಕ್ ಪೆರಿ ಜೊತೆ ಮತ್ತೊಂದು ಜಟಾಪಟಿ. ಸೆಪ್ಟೆಂಬರ್ 2ರಂದು ಕೆಲಸದಿಂದ ವಜಾ. ಮೂರು ತಿಂಗಳೂ ಕಳೆಯುವ ಮುನ್ನ, ನವೆಂಬರ್ 25ರಂದು, ಪಂಕ್ ಮರಳಿ ಡಬ್ಲ್ಯೂಡಬ್ಲ್ಯೂಇ ರಿಂಗ್‌ನಲ್ಲಿದ್ದರು. ಎರಡನೇ ಬಾಗಿಲು ಇದ್ದರೆ ಕುಸ್ತಿಪಟುವಿನ ಬದುಕು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. 2014ರಲ್ಲಿ ಹೊರಬಂದ ಪಂಕ್‌ಗೆ ಅಂಥ ಬಾಗಿಲು ಇರಲಿಲ್ಲ.

ಗುಟ್ಟೂ ಈಗ ಮಾರಾಟಕ್ಕೆ

ಹಿಂದೆ ತೆರೆಮರೆಯ ವಿಷಯ ಸೋರಿಕೆಯಾದರೆ ಕಂಪನಿಗಳು ಕೆಂಡಾಮಂಡಲವಾಗುತ್ತಿದ್ದವು. ಈಗ ಅವೇ ಮಾರುತ್ತಿವೆ. ವೆಂಬ್ಲಿ ಜಟಾಪಟಿಯ ಕ್ಯಾಮೆರಾ ದೃಶ್ಯವನ್ನು ಎಇಡಬ್ಲ್ಯೂ 2024ರ ಏಪ್ರಿಲ್‌ನಲ್ಲಿ ತನ್ನದೇ ಟಿವಿ ಕಾರ್ಯಕ್ರಮದಲ್ಲಿ ಪ್ರಸಾರ ಮಾಡಿತು. ಕಥೆ ಬರೆಯುವ ಕೊಠಡಿಯನ್ನೇ ತೋರಿಸುವ 'ಡಬ್ಲ್ಯೂಡಬ್ಲ್ಯೂಇ: ಅನ್‌ರಿಯಲ್' ಸರಣಿ 2025ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು.

ಆದರೆ ಯಾರು ಯಾರಿಗೆ ಹೊಡೆದರು ಎಂಬ ಗುಟ್ಟು ಬಯಲಾದಷ್ಟು ಸುಲಭವಾಗಿ ಯಾರಿಗೆ ಎಷ್ಟು ಸಂಬಳ, ಯಾರ ಒಪ್ಪಂದದಲ್ಲಿ ಏನಿದೆ ಎಂಬ ಗುಟ್ಟು ಬಯಲಾಗುವುದಿಲ್ಲ. ನಿಜವಾದ ಗುಟ್ಟುಗಳು ಹೊರಬಂದಿದ್ದು ಬಹುತೇಕ ಕೋರ್ಟ್, ತನಿಖೆಗಳಲ್ಲೇ. ತನ್ನ ಸ್ಟ್ರೀಮಿಂಗ್ ಒಪ್ಪಂದವನ್ನು ಡಬ್ಲ್ಯೂಡಬ್ಲ್ಯೂಇ ಮುರಿಸಿತು ಎಂದು ಎಂಎಲ್‌ಡಬ್ಲ್ಯೂ ಎಂಬ ಸಣ್ಣ ಕಂಪನಿ 2022ರಲ್ಲಿ ದಾವೆ ಹೂಡಿತ್ತು. ಅದು 2023ರ ಕೊನೆಗೆ 2 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಕಂಪನಿಯ ಮಾಜಿ ಉದ್ಯೋಗಿಯೊಬ್ಬರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿ ಮೊಕದ್ದಮೆ ಹೂಡಿದ ಬೆನ್ನಲ್ಲೇ ಮೆಕ್‌ಮಹೋನ್ 2024ರ ಜನವರಿಯಲ್ಲಿ ಮಾತೃಸಂಸ್ಥೆ ಟಿಕೆಒಗೆ ರಾಜೀನಾಮೆ ನೀಡಿದರು. ಆರೋಪಗಳನ್ನು ಅವರು ನಿರಾಕರಿಸಿದ್ದಾರೆ.

ಹೈದರಾಬಾದ್‌ನ ಚಪ್ಪಾಳೆ, ಏಪ್ರಿಲ್‌ನ ವಜಾ

ಈ ಪೈಪೋಟಿಯ ಬಿಸಿ ಭಾರತೀಯರಿಗೂ ತಟ್ಟಿದೆ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದ್‌ನ ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಡಬ್ಲ್ಯೂಡಬ್ಲ್ಯೂಇ ಕಾರ್ಯಕ್ರಮ ನಡೆದಾಗ ಜಾನ್ ಸೀನಾ ಜೊತೆಗೆ ವೀರ್ ಮಹಾನ್, ಸಾಂಗಾ ಜೋಡಿಗೂ ಭರ್ಜರಿ ಚಪ್ಪಾಳೆ ಸಿಕ್ಕಿತ್ತು. ಅವರ ಬಣದ ನಾಯಕ, 2017ರಲ್ಲಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆಗಿದ್ದ ಭಾರತೀಯ ಮೂಲದ ಜಿಂದರ್ ಮಹಲ್.

2024ರ ಜನವರಿಯಲ್ಲಿ ಮಹಲ್‌ಗೆ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಪಂದ್ಯ ಸಿಕ್ಕಾಗ, ಒಂದೂ ಗೆಲುವಿಲ್ಲದವರಿಗೆ ಅವಕಾಶವೇ ಎಂಬ ಧಾಟಿಯಲ್ಲಿ ಟೋನಿ ಖಾನ್ ಸಾಮಾಜಿಕ ಜಾಲತಾಣದಲ್ಲಿ ಕುಟುಕಿದರು. ಎರಡೂ ಕಡೆಯ ಅಭಿಮಾನಿಗಳು ವಾರಗಟ್ಟಲೆ ಕಿತ್ತಾಡಿದರು. ಮಹಲ್ ಹೆಸರು ಎಲ್ಲೆಲ್ಲೂ ಓಡಾಡಿತು. ಏಪ್ರಿಲ್‌ನಲ್ಲಿ ಮಹಲ್, ವೀರ್, ಸಾಂಗಾ ಮೂವರನ್ನೂ ಕಂಪನಿ ಕೈಬಿಟ್ಟಿತು. ಇಬ್ಬರು ದೊಡ್ಡವರ ವಾಗ್ಯುದ್ಧಕ್ಕೆ ಹೆಸರು ಬೇಕಿತ್ತು, ಆ ಹೆಸರಿನ ಮನುಷ್ಯ ಬೇಕಿರಲಿಲ್ಲ.

ತವರಿನಲ್ಲಾದರೂ ಎರಡನೇ ಬಾಗಿಲಿದೆಯೇ? ಟಿಎನ್‌ಎ ಬೆಂಬಲದಲ್ಲಿ ಪುಣೆಯಲ್ಲಿ ಚಿತ್ರೀಕರಿಸಿದ 'ರಿಂಗ್ ಕಾ ಕಿಂಗ್' 2012ರಲ್ಲಿ ಕಲರ್ಸ್ ವಾಹಿನಿಯಲ್ಲಿ ಬಂದು, ಒಂದೇ ಸೀಸನ್‌ಗೆ ನಿಂತಿತು. ದಿ ಗ್ರೇಟ್ ಖಲಿ ಜಲಂಧರ್‌ನಲ್ಲಿ ತರಬೇತಿ ಕೇಂದ್ರ ನಡೆಸುತ್ತಿದ್ದಾರೆ. ಆದರೆ ಅಲ್ಲಿ ಕಲಿತವರು ಹೊಟ್ಟೆಪಾಡಿಗೆ ಮತ್ತೆ ಅಮೆರಿಕದ ಕಡೆಗೇ ನೋಡಬೇಕು.

ಮುಂದೇನು?

ಹಣದ ತೂಕದಲ್ಲಿ ಎರಡು ಕಂಪನಿಗಳೂ ಸಮವಲ್ಲ. 'ರಾ' ಪ್ರಸಾರಕ್ಕೆ ನೆಟ್‌ಫ್ಲಿಕ್ಸ್ 10 ವರ್ಷಗಳಿಗೆ 500 ಕೋಟಿ ಡಾಲರ್ ಕೊಡುತ್ತಿದೆ. 2025ರ ಏಪ್ರಿಲ್‌ನಿಂದ ಭಾರತದಲ್ಲೂ ಡಬ್ಲ್ಯೂಡಬ್ಲ್ಯೂಇ ಅಲ್ಲೇ ಬರುತ್ತಿದೆ. ಎಇಡಬ್ಲ್ಯೂಗೆ ವಾರ್ನರ್ ಬ್ರದರ್ಸ್ ಡಿಸ್ಕವರಿಯಿಂದ ವರ್ಷಕ್ಕೆ ಸರಾಸರಿ 18.5 ಕೋಟಿ ಡಾಲರ್ ಸಿಗುತ್ತದೆ ಎಂದು ವರದಿಯಾಗಿದೆ. ಇತ್ತ ಡಬ್ಲ್ಯೂಡಬ್ಲ್ಯೂಇ ಟಿಎನ್‌ಎ ಜೊತೆ ಕೈಜೋಡಿಸಿದೆ, ಮೆಕ್ಸಿಕೊದ ಎಎಎ ಕಂಪನಿಯನ್ನು ಖರೀದಿಸುವುದಾಗಿ 2025ರ ಏಪ್ರಿಲ್‌ನಲ್ಲಿ ಘೋಷಿಸಿದೆ. ಎಇಡಬ್ಲ್ಯೂ ಜೊತೆಗೆ ಜಪಾನ್‌ನ ನ್ಯೂ ಜಪಾನ್, 1933ರಿಂದ ನಡೆಯುತ್ತಿರುವ ಮೆಕ್ಸಿಕೊದ ಸಿಎಂಎಲ್‌ಎಲ್ ನಿಂತಿವೆ.

ಎಇಡಬ್ಲ್ಯೂ ಪ್ರಸಾರವಾಗುವುದು ಟಿಬಿಎಸ್, ಟಿಎನ್‌ಟಿಯಲ್ಲಿ. ಅಂದರೆ, 2001ರಲ್ಲಿ ಡಬ್ಲ್ಯೂಸಿಡಬ್ಲ್ಯೂಗೆ ಬಾಗಿಲು ಹಾಕಿದ ಅದೇ ಚಾನೆಲ್‌ಗಳಲ್ಲಿ. ಅಂದಿನಂತೆ ಇಂದೂ ಎರಡನೇ ಕಂಪನಿಯ ಆಯಸ್ಸು ಚಾನೆಲ್ ಮಾಲೀಕರ ಮನಸ್ಸಿನ ಮೇಲೆ ನಿಂತಿದೆ.

ಹಾಗಾಗಿ ಯಾವ ಕಂಪನಿ ಗೆದ್ದಿತು ಎಂಬ ಲೆಕ್ಕದಲ್ಲಿ ಅಭಿಮಾನಿಗಳು ಮರೆಯುವ ಮಾತೊಂದಿದೆ. ಪೈಪೋಟಿ ಇರುವಷ್ಟು ದಿನ ಮಾತ್ರ ಕುಸ್ತಿಪಟುವಿಗೆ ಬೆಲೆ. ಒಬ್ಬ ಮಾಲೀಕ ಪೂರ್ತಿ ಗೆದ್ದ ದಿನ ಆ ಬೆಲೆ ಬೀಳುತ್ತದೆ. ಸಂಘವಾಗಲಿ, ನೌಕರ ಎಂಬ ಕಾನೂನಿನ ಮಾನ್ಯತೆಯಾಗಲಿ ಸಿಗುವವರೆಗೆ ಅವರ ಪಾಲಿಗಿರುವ ಏಕೈಕ ರಕ್ಷಣೆ ಮಾಲೀಕರ ಜಗಳ. ಅದು ಯಾವ ಒಪ್ಪಂದದಲ್ಲೂ ಬರೆದಿಟ್ಟ ರಕ್ಷಣೆಯಲ್ಲ.