ದಪ್ಪ ಆಯಿಲ್ ಹಾಕಿದ್ರ ಮುಂದಿನ ಶಾಕ್ ಗಟ್ಟಿ ಆಗೂದಿಲ್ರಿ

ಇವತ್ತು ಕಬ್ಬಿನ ಬಗ್ಗೆ ಅಲ್ಲ, ದಿನಾ ಹೊಲಕ್ಕ ಹೋಗೋ ನಮ್ಮ ಗಾಡಿ ಬಗ್ಗೆ ಬರೀತೀನಿ.

ಫ್ಯಾಕ್ಟರಿ ಹಂಗಾಮು ಚಾಲೂ ಆತಂದ್ರ ಸಮೀರವಾಡಿ ಸುತ್ತಿನ ರಸ್ತೆ ಹೆಂಗ ಆಗ್ತಾವು ಅಂತ ನಿಮಗ ಹೇಳಬೇಕಾಗಿಲ್ಲ. ಹೋದ ಹಂಗಾಮಿನ್ಯಾಗ ನನ್ನ ಗಾಡಿ ತೆಗ್ಗಿಗೆ ಇಳಿದಾಗೆಲ್ಲ ಮುಂದಿನ ಶಾಕ್ ಟಕ್ ಅಂತ ಬುಡಕ್ಕ ಬಡಿತಿತ್ತು. "ದಪ್ಪ ಆಯಿಲ್ ಹಾಕ್ರಿ, ಗಟ್ಟಿ ಆಗ್ತದ" ಅಂದ್ರು. ಮನ್ಯಾಗ 20ಡಬ್ಲ್ಯೂ-40 ಇಂಜಿನ್ ಆಯಿಲ್ ಉಳಿದಿತ್ತು, ಅದನ್ನೇ ಹಾಕಿಸಿದೆ.

ಎರಡು ದಿನ ಖುಷಿ. ಮೂರನೇ ದಿನ ನಸುಕಿನ್ಯಾಗ ಹಿಂದ ಹಾಲಿನ ಕ್ಯಾನ್ ಕಟಗೊಂಡು ಹೊಂಟಿದ್ದೆ. ಮುಂದ ಕಬ್ಬಿನ ಟ್ರೇಲರ್ ನಿಂತಿತ್ತು, ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಬ್ರೇಕ್ ಹಿಡಿದ್ರ ಜಾಡಿನ ಮ್ಯಾಲೆ ಮುಂದಿನ ಗಾಲಿ ಜಿಗಿದು ಜಿಗಿದು ಪಕ್ಕಕ್ಕ ಜಾರಿತು. ಟ್ರೇಲರಿಗೆ ಒಂದು ಮಾರು ದೂರದಾಗ ಬಿದ್ದೆ. ಹಾಲು ಹೋತು, ಮೊಣಕಾಲು ಕೆತ್ತಿತು, ಜೀವ ಉಳೀತು.

ಆಮೇಲೆ ತಿಳಕೊಂಡಿದ್ದು ಇಷ್ಟು. ಭಾರ ಹೊರೋದು ಸ್ಪ್ರಿಂಗ್, ಆಯಿಲ್ ಅಲ್ಲ. ಸ್ಪ್ರಿಂಗ್ ಎಷ್ಟು ಜೋರಾಗಿ ಕುಗ್ಗಬೇಕು, ಎಷ್ಟು ಜೋರಾಗಿ ಮ್ಯಾಲೆ ಬರಬೇಕು ಅನ್ನೋದನ್ನ ಆಯಿಲ್ ಹತೋಟಿಯಲ್ಲಿ ಇಡ್ತದ. ಶಾಕಿನ ಒಳಗ ಸಣ್ಣ ತೂತುಗಳಿರ್ತಾವು, ಆಯಿಲ್ ಅದರಾಗ ಹಾಯಬೇಕು. ಅದೇ ತೂತಿನ್ಯಾಗ ಕಬ್ಬಿನ ಹಾಲು ಸುರುವಿ ನೋಡ್ರಿ, ಕಾಕಂಬಿ ಸುರುವಿ ನೋಡ್ರಿ. ಕಾಕಂಬಿಯಂಥ ಆಯಿಲ್ ಇದ್ರ ಒಂದು ತೆಗ್ಗಿಗೆ ಕುಗ್ಗಿದ ಶಾಕ್ ಮ್ಯಾಲೆ ಬರೋದ್ರಾಗ ಇನ್ನೊಂದು ತೆಗ್ಗು ಬಂದಿರ್ತದ. ಗಾಲಿ ನೆಲ ಬಿಡ್ತದ. ತೀರಾ ತೆಳು ಇದ್ರ ಗಾಡಿ ತೂಗಾಡ್ತದ, ಬ್ರೇಕ್ ಹಿಡಿದ್ರ ಮೂಗು ನೆಲಕ್ಕ ಹಚ್ತದ. ಎರಡೂ ತಪ್ಪೇ.

ಡಬ್ಬಿ ಮ್ಯಾಲಿನ ನಂಬರ್ ನೋಡಿ ಮೋಸ ಹೋಗಬ್ಯಾಡ್ರಿ. ಇಂಜಿನ್ ಆಯಿಲಿನ 10ಡಬ್ಲ್ಯೂ ಬೇರೆ, ಫೋರ್ಕ್ ಆಯಿಲಿನ 10ಡಬ್ಲ್ಯೂ ಬೇರೆ. ಒಂದು ಕಂಪನಿ 10ಡಬ್ಲ್ಯೂ ಇನ್ನೊಂದು ಕಂಪನಿದಕ್ಕ ಸರಿ ಹೊಂದೂದಿಲ್ಲ. ಖರೆ ಅಳತಿ ಅಂದ್ರ 40 ಡಿಗ್ರಿ ಬಿಸಿಯಲ್ಲಿ ಎಷ್ಟು ಸೆಂಟಿಸ್ಟೋಕ್ ಅನ್ನೋದು. 10ಡಬ್ಲ್ಯೂ ಫೋರ್ಕ್ ಆಯಿಲ್ ಸಾಮಾನ್ಯವಾಗಿ 30ರ ಆಸುಪಾಸು ಇರ್ತದ. ಹೈಡ್ರಾಲಿಕ್ 68 ಅಂದ್ರ 68. ನಾ ಹಾಕಿಸಿದ 20ಡಬ್ಲ್ಯೂ-40 ನೂರರ ಮ್ಯಾಲೆ!

ನನ್ನ ಅಭಿಪ್ರಾಯ ಇಷ್ಟೇ: ಗಾಡಿ ಪುಸ್ತಕದಾಗ ಯಾವ ಗ್ರೇಡ್, ಎಷ್ಟು ಎಂ.ಎಲ್. ಬರದಾರೋ ಅದನ್ನೇ ಹಾಕಿಸ್ರಿ. ಅಂದಾಜಿನ ಮ್ಯಾಲೆ ಸುರುವೋದು ಬ್ಯಾಡ. ಎರಡೂ ಕಾಲಿಗೆ ಸರಿಸಮ ಬೀಳಬೇಕು, ಅಳದು ಹಾಕಿಸ್ರಿ. ಜಾಸ್ತಿ ಆದ್ರ ಒಳಗಿನ ಗಾಳಿಗೆ ಜಾಗ ಸಾಲದ ಶಾಕ್ ಬಿಗೀತದ, ಸೀಲ್ ಮ್ಯಾಲೆ ಒತ್ತಡ ಬೀಳ್ತದ. ಹೊಸ ಆಯಿಲ್ ಹಾಕಿದ ಮ್ಯಾಲೂ ತೂಗಾಡಿದ್ರ ಅದೇ ಕಂಪನಿದು ಒಂದೇ ಮೆಟ್ಟಿಲು ದಪ್ಪಂದು ನೋಡ್ರಿ. ಹಂಗಾದ್ರೂ ಬುಡಕ್ಕ ಬಡಿದ್ರ ಸ್ಪ್ರಿಂಗ್ ಸೋತದ ಅಂತ ತಿಳೀರಿ.

ನನ್ನ ಗಾಡಿ ರೋಗ ಏನಿತ್ತು ಅಂದ್ರ, ಸೀಲ್ ಸೋರಿ ಆಯಿಲ್ ಅರ್ಧಕ್ಕ ಇಳಿದಿತ್ತು. ಉಳಿದದ್ದು ಕರ್ರಗ, ರಾಡಿಯಂಗ ಆಗಿತ್ತು. ಎರಡು ಸೀಲ್, ಸರಿಯಾದ ಆಯಿಲ್, ಅಷ್ಟಕ್ಕ ಬಡಿಯೋದು ನಿಂತಿತು. ಪೈಪಿನ ಮ್ಯಾಲೆ ಆಯಿಲಿನ ಉಂಗುರ ಕಂಡ್ರ ತಡಾ ಮಾಡಬ್ಯಾಡ್ರಿ. ದಿನಾ ಅರಿವಿಯಿಂದ ಧೂಳು ಒರಸ್ರಿ.

ಬೆಳಿಗೆ ಯಾವ ಔಷಧ, ಟ್ಯಾಂಕಿಗೆ ಎಷ್ಟು ಎಂ.ಎಲ್. ಅಂತ ಹತ್ತು ಸಲ ಕೇಳ್ತೀವಿ. ಹೆಂಡ್ತಿ ಮಕ್ಕಳನ್ನ ಕೂಡಿಸ್ಕೊಂಡು ಹೋಗೋ ಗಾಡಿಗೂ ಒಂದು ಸಲ ಕೇಳೂಣ್ರಿ.