ಗದ್ದೆಗೆ ಮಣ್ಣು ತುಂಬಿಸುವ ಮೊದಲು

ನಿನ್ನೆ ನಮ್ಮ ಕೆಳಗಿನ ಗದ್ದೆಗೆ ಮಣ್ಣಿನ ಲಾರಿ ಬಂತು. ಗದ್ದೆ ತುಂಬಿಸಿ ಹೋಂಸ್ಟೇ ಕಟ್ತಾರಂತೆ. ಮಣ್ಣು ಎಲ್ಲಿಂದ? ಮೇಲಿನ ಬರೆ ಕಡಿದು. ಎರಡು ತಪ್ಪು ಒಂದೇ ಲಾರಿಯಲ್ಲಿ.

2018ರ ಆಗಸ್ಟ್ ಮರೆತು ಹೋಯ್ತಾ? ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ? ಆಗ ಕೊಡಗಿನಲ್ಲಿ ಕೆಲವರು ಜುಲೈನ ಸಣ್ಣ ಭೂಕಂಪಕ್ಕೆ ಬೈದರು, ಕೆಲವರು ಹಾರಂಗಿ ಡ್ಯಾಂಗೆ. ಭೂವಿಜ್ಞಾನಿಗಳು ನೋಡಿ ಹೇಳಿದ್ದು ಬೇರೆ. ವಿಪರೀತ ಮಳೆ ಹೌದು, ಜೊತೆಗೆ ರಸ್ತೆಗೆ, ಮನೆಗೆ ಅಂತ ಬರೆಯನ್ನು ನೆಟ್ಟಗೆ ಕಡಿದದ್ದೂ ಕಾರಣ.

ನಾನೇನೂ ಸಾಚಾ ಅಲ್ಲ. ಕಾಫಿ ಕಣ ಅಗಲ ಮಾಡ್ಲಿಕ್ಕೆ ಜೆಸಿಬಿ ತರಿಸಿ ಹತ್ತಡಿ ಬರೆ ತೆಗೆಸಿದವನು. ಆ ಮಳೆಗೆ ಮೇಲಿನ ಕಾಫಿ ಗಿಡ ಸಮೇತ ಬರೆ ಜಾರಿ ತೋಡಿಗೆ ಬಿತ್ತು. ತೋಡು ಕಟ್ಟಿಕೊಂಡು ನೀರು ನುಗ್ಗಿದ್ದು ಪಕ್ಕದವರ ಮನೆಗೆ. ಕಡಿದವನು ನಾನು, ಮುಳುಗಿದವರು ಅವರು. ಇವತ್ತಿಗೂ ಅವರ ಮುಖ ನೋಡಿ ಮಾತಾಡ್ಲಿಕ್ಕೆ ನಾಚಿಕೆ.

"ಗದ್ದೆಯಲ್ಲಿ ಏನು ಲಾಭ ಮಾರಾಯ್ರೆ" ಅಂತೀರಿ. ಒಪ್ಪಿದೆ. ಆಳು ಸಿಗಲ್ಲ, ಆನೆ, ಹಂದಿ ಬಿಡಲ್ಲ. ಬೇಕಾದರೆ ಪಾಳು ಬಿಡಿ. ಬದು ಒಡೆಯಬೇಡಿ, ಮಣ್ಣು ತುಂಬಬೇಡಿ. ಬೆಟ್ಟದಿಂದ ಇಳಿದ ನೀರು ಸ್ವಲ್ಪ ನಿಂತು, ಇಂಗಿ, ನಿಧಾನಕ್ಕೆ ಹೊಳೆ ಸೇರುವ ಜಾಗ ಅದು. ಅದನ್ನು ಮುಚ್ಚಿದರೆ ಎಲ್ಲಾ ನೀರು ಒಂದೇ ಸಲ ಹೊಳೆಗೆ. ಹೊಳೆ ಉಕ್ಕಿದರೆ ಏನಾಗುತ್ತೆ ಅಂತ ಕರಡಿಗೋಡು, ನೆಲ್ಯಹುದಿಕೇರಿಯವರನ್ನು ಕೇಳಿ, 2019ರಲ್ಲಿ ಕಂಡವರು ಅವರು.

ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ನಾಳೆ ಪರಿಹಾರಕ್ಕೆ ಸಾಲಲ್ಲಿ ನಿಲ್ಲುವುದಕ್ಕಿಂತ ಇವತ್ತು ಲಾರಿ ಮುಂದೆ ನಿಲ್ಲುವುದು ವಾಸಿ.