ಬೇಳೆ ಬೇಗ ಬೇಯಿಸುವ ನೀರು

ಕನ್ನಡದಲ್ಲಿ ನೀರಿಗೆ ಹೆಸರುಗಳ ಕೊರತೆಯಿಲ್ಲ. ಸಿಹಿನೀರು, ಉಪ್ಪುನೀರು, ಸವಳುನೀರು, ಗಡಸುನೀರು. ಇವೆಲ್ಲ ನಾಲಿಗೆ ಕೊಟ್ಟ ಹೆಸರುಗಳು. ಇಲ್ಲವೇ ಬೇಳೆ ಬೇಯಲಿಲ್ಲ, ಸೋಪಿನಲ್ಲಿ ನೊರೆ ಬರಲಿಲ್ಲ ಎಂದು ಹೆಂಗಸರು ಕಂಡುಕೊಂಡ ಹೆಸರುಗಳು. ಫ್ಲೋರೈಡ್ ಬೆರೆತ ನೀರಿಗೆ ಮಾತ್ರ ಅಂಥ ಹೆಸರಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಷ್ಟೇ ಅಲ್ಲ, ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಅದು ಮೆದು ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆಯುತ್ತದೆ. ಅಡುಗೆಮನೆಯ ಪರೀಕ್ಷೆಯಲ್ಲಿ ಅದು ಒಳ್ಳೆಯ ನೀರೇ.

ಭಾರತದಲ್ಲಿ ಈ ನೀರಿನ ಕಥೆ ವೈದ್ಯಕೀಯ ದಾಖಲೆಗೆ ಬಂದದ್ದು ಆಂಧ್ರದಿಂದ. 1937ರಲ್ಲಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಗ್ಗಿಸಲಾಗದ, ಕತ್ತು ತಿರುಗಿಸಲಾಗದ ಜನರನ್ನು ಕಂಡು ಬರೆದರು. ಆ ಸೀಮೆಯ ಪೊದಿಲಿ, ದರ್ಶಿ ಆಮೇಲೆ ಪ್ರಕಾಶಂ ಜಿಲ್ಲೆಗೆ ಸೇರಿದವು. ವೈದ್ಯರಿಗಿಂತ ಮೊದಲೇ ರೈತರಿಗೆ ಇದು ಗೊತ್ತಾಗಿತ್ತಂತೆ: ಎತ್ತುಗಳು ಕುಂಟತೊಡಗಿದ್ದವು. ಎತ್ತು ನಿಂತರೆ ಉಳುಮೆ ನಿಲ್ಲುತ್ತದೆ, ಆದ್ದರಿಂದ ಕಣ್ಣಿಗೆ ಬೀಳುತ್ತದೆ. ಮಗು ಮೂರು ಹೆಜ್ಜೆ ನಿಧಾನವಾಗಿ ನಡೆದರೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಆದರೆ ಹೆಚ್ಚು ಕಳೆದುಕೊಳ್ಳುವುದು ಮಗುವೇ. ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ದಿನವೂ ಒಂದಿಷ್ಟು ಕರಗಿ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕಟ್ಟುವ ಕೆಲಸವೇ ಹೆಚ್ಚು. ಆಗ ದೇಹಕ್ಕೆ ಬಂದ ಫ್ಲೋರೈಡ್ ಮೂಳೆಯ ಖನಿಜದಲ್ಲೇ ಜಾಗ ಹಿಡಿಯುತ್ತದೆ. ವಯಸ್ಕರು ಬಹಳಷ್ಟನ್ನು ಮೂತ್ರದಲ್ಲಿ ಹೊರಹಾಕುತ್ತಾರೆ, ಮಕ್ಕಳ ಮೂಳೆ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತದೆ. ಹೀಗೆ ಬೆಳೆದ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಗಟ್ಟಿಯಲ್ಲ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಕೇಡು ಇಮ್ಮಡಿ: ರಕ್ತದ ಕ್ಯಾಲ್ಸಿಯಂ ಕಾಯ್ದುಕೊಳ್ಳಲು ದೇಹ ಮೂಳೆಯನ್ನೇ ಸುಲಿಯುತ್ತದೆ, ಮೈಭಾರಕ್ಕೆ ಕಾಲು ಬಾಗುತ್ತದೆ.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ನಲ್ಗೊಂಡದ ಹದಿಹರೆಯದ ಹುಡುಗರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗಿದ್ದವು. ನಾಗಾರ್ಜುನಸಾಗರ ಕಟ್ಟಿದ ಮೇಲೆ ಬಸಿನೀರಿನಿಂದ ಅಂತರ್ಜಲ ಮೇಲೆದ್ದು, ಮಣ್ಣಿನ ಗುಣ ಬದಲಾಗಿ, ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿ, ಅದೂ ಈ ರೋಗಕ್ಕೆ ಕೈಜೋಡಿಸಿರಬಹುದೆಂದು ಸಂಶೋಧಕರು ತರ್ಕಿಸಿದರು. ತರ್ಕ ಪೂರ್ತಿ ಸರಿಯೋ ಅಲ್ಲವೋ, ಅದರಲ್ಲೊಂದು ಪಾಠವಿತ್ತು: ನೀರನ್ನು ಮಾತ್ರ ನೋಡಿದರೆ ಸಾಲದು, ತಟ್ಟೆಯನ್ನೂ ನೋಡಬೇಕು.

ಆ ಪಾಠವನ್ನು ಸರ್ಕಾರಗಳು ಕಲಿಯಲಿಲ್ಲ. ಆಲಂ, ಸುಣ್ಣ ಹಾಕಿ ಫ್ಲೋರೈಡ್ ತಿಳಿಗೊಳಿಸುವ ವಿಧಾನಕ್ಕೆ ನಾಗಪುರದ ನೀರಿ ಸಂಸ್ಥೆ ‘ನಲ್ಗೊಂಡ ತಂತ್ರ’ ಎಂದೇ ಹೆಸರಿಟ್ಟಿತು. ಆ ಊರಿಗೆ ಹೆಸರು ಬಂತು, ನೀರು ಬರಲಿಲ್ಲ. 1996ರ ಲೋಕಸಭಾ ಚುನಾವಣೆಯಲ್ಲಿ ನಲ್ಗೊಂಡದ ಕಣದಲ್ಲಿ 480 ಅಭ್ಯರ್ಥಿಗಳಿದ್ದರು. ಬಹುಪಾಲು ಜನ ಗೆಲ್ಲಲು ನಿಂತವರಲ್ಲ, ಕುಡಿಯುವ ನೀರಿನ ಗೋಳನ್ನು ದೇಶಕ್ಕೆ ತೋರಿಸಲು ನಿಂತವರು. ಮತಪತ್ರ ಪುಸ್ತಕವೇ ಆಯಿತು. ಅದೇ ಚುನಾವಣೆಯಲ್ಲಿ ನಮ್ಮ ಬೆಳಗಾವಿಯಲ್ಲೂ 456 ಮಂದಿ ನಿಂತಿದ್ದರು. ಅದರ ಬೆನ್ನಿಗೇ ವ್ಯವಸ್ಥೆ ಮಾಡಿದ್ದೇನೆಂದರೆ, ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದ್ದು.

ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡ, ಬಾಗೇಪಲ್ಲಿ, ಉತ್ತರಕ್ಕೆ ಹೋದರೆ ಮುಂಡರಗಿ: ಕರ್ನಾಟಕದ ಈ ತಾಲ್ಲೂಕುಗಳ ಕಥೆ ಬೇರೆಯಲ್ಲ. ಬರ ಬಂದಷ್ಟೂ ಬೋರು ಆಳಕ್ಕಿಳಿಯಿತು, ಬಂಡೆಯ ಜೊತೆ ಹೆಚ್ಚು ಕಾಲ ಇದ್ದ ನೀರು ಮೇಲೆ ಬಂತು. ಇಲ್ಲಿ ಉತ್ತರ ಕೇಳಿದರೆ ಎರಡು ಸಿಗುತ್ತವೆ. ಒಂದು, ತುಂಗಭದ್ರೆಯಂಥ ದೂರದ ನದಿಯಿಂದ ಪೈಪು. ಇನ್ನೊಂದು, ಊರ ಮಧ್ಯದ ಶುದ್ಧ ನೀರಿನ ಘಟಕ. ಎರಡೂ ಬೇಕು, ತಕರಾರಿಲ್ಲ. ಆದರೆ ನದಿಯ ಯೋಜನೆಯ ಕಾಲವನ್ನು ಟೆಂಡರು, ಗಡುವು ವಿಸ್ತರಣೆಗಳಲ್ಲಿ ಎಣಿಸುತ್ತಾರೆ. ಕಾಯಂ ಹಲ್ಲಿನ ದಂತಕವಚ ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಎಂಟು ವರ್ಷದೊಳಗೆ. ಒಂದು ವಿಸ್ತರಣೆ ಎಂದರೆ ಒಂದು ಅಂಗನವಾಡಿ ಬ್ಯಾಚು ಶಾಲೆ ಸೇರಿತು ಎಂದರ್ಥ.

ಘಟಕದ ಕಥೆ ಇನ್ನೂ ಸೂಕ್ಷ್ಮ. ಕ್ಯಾನಿನ ನೀರು ಕುಡಿಯುವುದಕ್ಕೆ. ಅನ್ನ, ಸಾರು, ಮುದ್ದೆಗೆ ನಲ್ಲಿಯ ಬೋರ್‌ವೆಲ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಅಕ್ಕಿ ನೀರು ಹೀರಿದರೆ ಫ್ಲೋರೈಡನ್ನೂ ಹೀರಿತು. ಮೇಲಾಗಿ, ಆರ್‌ಓ ಯಂತ್ರ ಫ್ಲೋರೈಡಿನ ಜೊತೆಗೆ ಇದ್ದ ಚೂರುಪಾರು ಕ್ಯಾಲ್ಸಿಯಮ್ಮನ್ನೂ ತೆಗೆದುಬಿಡುತ್ತದೆ.

ಇಲ್ಲಿಯೇ ತಟ್ಟೆಯ ಪ್ರಶ್ನೆ ಬರುವುದು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಒಂದಿಷ್ಟು ಫ್ಲೋರೈಡನ್ನು ಕಟ್ಟಿಹಾಕಿ ಹೊರಗೆ ಕಳಿಸುತ್ತದೆ. ರಾಗಿಯಲ್ಲಿ ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ರಾಗಿ ಬೆಳೆಯುವ ಸೀಮೆಯಲ್ಲಿ ಮಗುವಿನ ತಟ್ಟೆಗೆ ಅಕ್ಕಿ ಹೆಚ್ಚಿ ರಾಗಿ ಕಡಿಮೆಯಾದರೆ ಅದು ಆಹಾರ ಇಲಾಖೆಯ ವಿಷಯ. ಬೋರಿನ ನೀರು ಗ್ರಾಮೀಣಾಭಿವೃದ್ಧಿ ಇಲಾಖೆಯದು. ಕಾಲು ಸೊಟ್ಟಗಾದರೆ ಆರೋಗ್ಯ ಇಲಾಖೆಯದು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲನ್ನು ಎಲ್ಲ ಊರಿಗೂ ಒಂದೇ ಅಳತೆಯಲ್ಲಿ ಕೊಡುವ ಬದಲು ಫ್ಲೋರೈಡ್ ತಾಲ್ಲೂಕುಗಳಲ್ಲಿ ಹೆಚ್ಚಿಸಿ, ರಜೆಯಲ್ಲೂ ಮುಂದುವರಿಸಿದರೆ ಅದಕ್ಕೆ ಪೈಪು ಹೂಳಬೇಕಾಗಿಲ್ಲ.

ಅಳೆಯುವ ರೀತಿಯೂ ಬದಲಾಗಬೇಕು. ಲೀಟರಿಗೆ 1 ಮಿಲಿಗ್ರಾಂ ಮೇಲಾಗಬಾರದು, ಬೇರೆ ನೀರಿಲ್ಲದಿದ್ದರೆ 1.5 ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಅಂಕಿ ನೀರಿನದು, ಮಗುವಿನದಲ್ಲ. ಮಗು ಬಿಸಿಲಲ್ಲಿ ಆಡಿ ಎಷ್ಟು ಕುಡಿಯಿತು, ಮನೆಯಲ್ಲಿ ಏನು ಉಂಡಿತು ಎಂಬುದು ಅದರ ಮೂತ್ರದ ಪರೀಕ್ಷೆಯಲ್ಲಿ ಕಾಣುತ್ತದೆ. ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2008-09ರಿಂದಲೂ ಇದೆ, ಈ ಪರೀಕ್ಷೆ ಅದಕ್ಕೆ ಹೊಸದೇನಲ್ಲ. ಶಾಲಾ ಆರೋಗ್ಯ ತಪಾಸಣೆಯಲ್ಲಿ ತೂಕ, ಎತ್ತರ ಬರೆದುಕೊಳ್ಳುವಷ್ಟೇ ಸಹಜವಾಗಿ ಅದನ್ನೂ ಬರೆದುಕೊಳ್ಳಬಹುದು. ಅದಕ್ಕೂ ಮೊದಲು, ಇವತ್ತೇ, ಅಂಗನವಾಡಿಯ ಸಾರಿನ ಪಾತ್ರೆಗೆ ಯಾವ ನಲ್ಲಿಯಿಂದ ನೀರು ತುಂಬಿದ್ದಾರೆ ಎಂದು ಒಬ್ಬರು ಹೋಗಿ ನೋಡಬಹುದು.